ನನ್ನ ಆಡು ಎಲ್ಲಿ ಹೋತು? – ಸುದ್ದಿಯ ಹಿಂದಿನ ದನಿಗಳ ಬಗ್ಗೆ

ಗೂಗಲ್‌ನಲ್ಲಿ ನಮ್ಮೂರಿನ ಹೆಸರು ಹಾಕಿ ಹುಡುಕಿದರೆ ನಮ್ಮೂರು ಸಿಗುವುದಿಲ್ಲ. ನಮ್ಮೂರಿನ ಹೆಸರು ಗೂಗಲ್. ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕು, ಕೃಷ್ಣೆಯ ದಂಡೆ. ಊರಿನ ಹೆಸರಿನ ಜೊತೆ ‘ದೇವದುರ್ಗ’ ಎಂದು ಸೇರಿಸಿದರೆ ಆಗ ಬ್ಯಾರೇಜು, ಅಲ್ಲಮಪ್ರಭುವಿನ ಗುಡಿ, ಹೊಳೆಯ ಒಂದೆರಡು ಫೋಟೊ ಕಾಣಿಸುತ್ತವೆ. ಹಾಸ್ಟೆಲಿನ ಗೆಳೆಯರಿಗೆ ಇದೊಂದು ಮುಗಿಯದ ತಮಾಷೆ. ‘ಎಲ್ಲವೂ ಗೂಗಲ್‌ನಲ್ಲಿ ಸಿಗುತ್ತದೆ, ನೀನೂ ಅಲ್ಲೇ ಸಿಕ್ಕವನು’ ಎನ್ನುತ್ತಾರೆ.

2019ರ ಆಗಸ್ಟಿನಲ್ಲಿ ನಮ್ಮ ಸೀಮೆ ಕೆಲವು ದಿನ ಎಲ್ಲರಿಗೂ ಸಿಕ್ಕಿತು. ಮಹಾರಾಷ್ಟ್ರದಲ್ಲಿ ಮಳೆಯಾಗಿ, ಆಲಮಟ್ಟಿ ತುಂಬಿ, ನಾರಾಯಣಪುರದ ಗೇಟುಗಳು ತೆರೆದು ಹೊಳೆ ಉಕ್ಕಿ ಬಂದಿತ್ತು. ನಮ್ಮಲ್ಲಿ ಹನಿ ಮಳೆ ಬೀಳದಿದ್ದರೂ ಹೊಳೆ ಬರುತ್ತದೆ. ಅದು ಇಲ್ಲಿಯವರಿಗೆ ಹೊಸದಲ್ಲ. ಹೊಸದಾಗಿದ್ದು ಒಂದು ವಿಡಿಯೋ. ನೀರಿನಲ್ಲಿ ಮುಳುಗಿದ ಸೇತುವೆಯ ಮೇಲೆ ರಸ್ತೆಯ ಅಂಚು ಎಲ್ಲಿದೆಯೆಂದು ತಿಳಿಯದೆ ಆಂಬುಲೆನ್ಸೊಂದು ನಿಂತಿದೆ. ನಮ್ಮ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರ ಶಾಲಾ ಹುಡುಗ ಅದರ ಮುಂದೆ ಮುಂದೆ ನೀರಿನಲ್ಲಿ ಓಡುತ್ತಾ, ತಡವರಿಸುತ್ತಾ, ಬೀಳುವಂತಾಗಿ ಮತ್ತೆ ಎದ್ದು ದಾರಿ ತೋರಿಸುತ್ತಿದ್ದಾನೆ. ಆ ದೃಶ್ಯ ದೇಶದ ಟೀವಿಗಳಲ್ಲೆಲ್ಲ ಓಡಿತು. ಸ್ವಾತಂತ್ರ್ಯ ದಿನದಂದು ರಾಯಚೂರಿನಲ್ಲಿ ಅವನಿಗೆ ಸನ್ಮಾನವಾಯಿತು. 2020ರ ಜನವರಿಯಲ್ಲಿ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಅವನ ಹೆಸರನ್ನು ಎಲ್ಲರೂ ಬರೆದಾಗಿದೆ, ನಾನು ಇಲ್ಲಿ ಬರೆಯುವುದಿಲ್ಲ.

ಆ ವಿಡಿಯೋವನ್ನು ನಾನು ಹತ್ತಾರು ಸಲ ನೋಡಿದ್ದೇನೆ. ನೀರಿನ ಸದ್ದಿದೆ, ದಂಡೆಯ ಮೇಲಿನ ಮಂದಿಯ ಕೂಗಿದೆ. ಹುಡುಗನ ಮಾತಿಲ್ಲ. ಆಮೇಲಿನ ಟೀವಿ ವರದಿಗಳಲ್ಲಿ ಅವನ ಮುಂದೆ ಮೈಕು ಬಂದಾಗ ಒಂದೆರಡು ವಾಕ್ಯ ಹೇಳುತ್ತಾನೆ. ಅಷ್ಟರಲ್ಲಿ ನಿರೂಪಕರ ಏರುದನಿ ಶುರುವಾಗುತ್ತದೆ. ನೀರಿಗಿಳಿದಾಗ ಕಾಲಿಗೆ ಏನು ತಾಗಿತು, ಸೇತುವೆಯ ಅಂಚು ಹೇಗೆ ಗೊತ್ತಾಯಿತು, ಮನೆಯಲ್ಲಿ ಬೈದರೋ ಹೊಗಳಿದರೋ, ಮರುದಿನ ಸಾಲಿಯಲ್ಲಿ ಏನಾಯಿತು ಎಂಬುದನ್ನು ಯಾರಾದರೂ ಸಮಾಧಾನದಿಂದ ಕೇಳಿ, ಅವನ ಬಾಯಲ್ಲೇ ಕೇಳಿಸಬಹುದಿತ್ತು ಎಂದು ನನಗೆ ಆಗಲೇ ಅನಿಸಿತ್ತು. ಆ ಕೆಲಸಕ್ಕೆಂದೇ ಇರುವ ಒಂದು ಪ್ರಕಾರವನ್ನು ನಾನು ಆ ದಿನಗಳಲ್ಲಿ ರಾತ್ರಿಯೆಲ್ಲ ಕೇಳುತ್ತಿದ್ದೆ.

ಅದನ್ನು ಆಡಿಯೋ ಡಾಕ್ಯುಮೆಂಟರಿ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ನೆಲೆಯಾದ ಹೆಸರಿಲ್ಲ. ‘ಧ್ವನಿ ಸಾಕ್ಷ್ಯಚಿತ್ರ’ ಎಂದರೆ ಚಿತ್ರವೇ ಇಲ್ಲದ್ದಕ್ಕೆ ಚಿತ್ರದ ಹೆಸರು ಅಂಟುತ್ತದೆ. ಆಕಾಶವಾಣಿಯವರ ‘ನುಡಿಚಿತ್ರ’ ಚಂದದ ಪದ, ಆದರೆ ಅದಕ್ಕೆ ತನ್ನದೇ ಚರಿತ್ರೆಯಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಬಿಬಿಸಿ ವರ್ಲ್ಡ್ ಸರ್ವಿಸ್‌ನ ‘ಔಟ್‌ಲುಕ್’ 1966ರಿಂದ ನಡೆಯುತ್ತಿರುವ ಕಾರ್ಯಕ್ರಮ. ಲೋಕದ ಸುದ್ದಿಗಳಲ್ಲಿ ಸಿಕ್ಕಿಹಾಕಿಕೊಂಡ ಸಾಮಾನ್ಯರು ತಮ್ಮ ಕಥೆಯನ್ನು ತಾವೇ ಹೇಳುವುದು ಅದರ ಕ್ರಮ. ‘ವಿಟ್ನೆಸ್ ಹಿಸ್ಟರಿ’ ಚರಿತ್ರೆಯ ಒಂದು ಘಟನೆಯನ್ನು ಅಲ್ಲಿದ್ದವರ ಬಾಯಿಂದ ಸುಮಾರು ಹತ್ತು ನಿಮಿಷದಲ್ಲಿ ಹೇಳಿಸುತ್ತದೆ. ಯುದ್ಧ, ಭೂಕಂಪ, ಗಡಿ ದಾಟುವಿಕೆ, ಕ್ಷಿಪ್ರಕ್ರಾಂತಿ ಯಾವುದೇ ಇರಲಿ, ಅದರ ಅಡಿಯಲ್ಲಿ ಒಬ್ಬ ತಾಯಿ, ಒಬ್ಬ ಡ್ರೈವರ್, ಒಬ್ಬ ನರ್ಸ್ ಇರುತ್ತಾರೆ. ಲೈಟು ಆರಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಅವರು ನಮ್ಮ ಮಂಚದ ಅಂಚಿನಲ್ಲಿ ಕುಳಿತಂತೆ ಆಗುತ್ತದೆ. ಸುದ್ದಿಯಲ್ಲಿ ಸಂಖ್ಯೆಯಾಗಿದ್ದವರು ಇಲ್ಲಿ ಉಸಿರೆಳೆದುಕೊಳ್ಳುತ್ತಾರೆ. ಈ ಪ್ರಕಾರಕ್ಕೆ ನಾನು ಋಣಿ. ನನ್ನ ಸಂಶೋಧನೆ ಮೌಖಿಕ ನಿರೂಪಣೆಗಳ ಕಡೆಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ.

ಕೇಳುತ್ತಾ ಕೇಳುತ್ತಾ ಒಂದು ವಿಷಯ ಕಿವಿಗೆ ಚುಚ್ಚತೊಡಗಿತು. ಮಾತಾಡುವವರಿಗೆ ಇಂಗ್ಲಿಷ್ ಬಾರದಿದ್ದಾಗ ನಡೆಯುವುದು ಒಂದೇ ಕ್ರಮ. ಮೊದಲು ಅವರ ಭಾಷೆಯಲ್ಲಿ ಒಂದು ವಾಕ್ಯ, ಕೆಲವೊಮ್ಮೆ ಅರ್ಧ ವಾಕ್ಯ, ಕೇಳಿಸುತ್ತದೆ. ಎರಡು ಮೂರು ಸೆಕೆಂಡಿಗೆ ಆ ದನಿ ತಗ್ಗುತ್ತದೆ. ಅದರ ಮೇಲೆ ಇಂಗ್ಲಿಷಿನ ದನಿಯೊಂದು ಏರುತ್ತದೆ. ಹೆಂಗಸಿಗೆ ಹೆಂಗಸಿನ ದನಿ, ಮುದುಕರಿಗೆ ಸ್ವಲ್ಪ ಬಳಲಿದ ದನಿ. ಮಾತಿನ ಕೊನೆಗೆ ಮೂಲದನಿ ಒಂದೆರಡು ಪದದಷ್ಟು ಮತ್ತೆ ಮೇಲೆ ಬಂದು ಹೋಗುತ್ತದೆ. ಎಡಿಟ್ ಮಾಡುವವರು ಇದಕ್ಕೆ ಫೇಡ್ ಎನ್ನುತ್ತಾರೆ. ತಂತ್ರವಾಗಿ ಇದು ಸಣ್ಣ ಸಂಗತಿ. ಆದರೆ ‘ಅವರದೇ ದನಿಯಲ್ಲಿ’ ಎಂದು ಕರೆದು ಕೂರಿಸಿದ ಕಾರ್ಯಕ್ರಮದಲ್ಲಿ ಅವರ ದನಿಗೆ ಸಿಕ್ಕಿದ್ದು ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವಷ್ಟು ಹೊತ್ತು. ಅವರು ಅಲ್ಲಿದ್ದರು ಎಂಬುದಕ್ಕೆ ಆ ದನಿ ರುಜು ಹಾಕುತ್ತದೆ, ಕಥೆಯನ್ನು ಇನ್ನೊಬ್ಬರು ಹೇಳುತ್ತಾರೆ.

ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಕೇಳುಗರಿಗೆ ಆ ಭಾಷೆ ಬಾರದು, ಸಮಯ ಹತ್ತು ನಿಮಿಷ. ಅನುವಾದ ಬೇಕೇ ಬೇಕು. ಸಂಕಲನವಿಲ್ಲದ ಎರಡು ಗಂಟೆಯ ಮುದ್ರಣವನ್ನು ಯಾರೂ ಡಾಕ್ಯುಮೆಂಟರಿ ಎನ್ನುವುದಿಲ್ಲ. ಆದರೂ ಈ ಪ್ರಕಾರದ ಚರಿತ್ರೆಯಲ್ಲೇ ಇದಕ್ಕೆ ಉಲ್ಟಾ ಹೋದ ಒಂದು ಘಳಿಗೆಯಿದೆ. 1957ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಆಕ್ಸನ್ ಎಂಬ ರೈಲು ಚಾಲಕ, ಬ್ರೇಕು ಕೆಟ್ಟು ಇಳಿಜಾರಿನಲ್ಲಿ ಓಡುತ್ತಿದ್ದ ಗೂಡ್ಸ್ ಗಾಡಿಯಿಂದ ಜಿಗಿಯದೆ, ಮುಂದಿದ್ದವರನ್ನು ಎಚ್ಚರಿಸುತ್ತಾ ಅದರಲ್ಲೇ ಸತ್ತ. ಅವನಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಬಂತು. ಚಾರ್ಲ್ಸ್ ಪಾರ್ಕರ್, ಯೂವನ್ ಮೆಕಾಲ್, ಪೆಗಿ ಸೀಗರ್ ಅವನ ಬಗ್ಗೆ ಬಿಬಿಸಿಗೆ ಒಂದು ಕಾರ್ಯಕ್ರಮ ಮಾಡಲು ಹೊರಟರು. ಆಗಿನ ವಾಡಿಕೆ ಎಂದರೆ ಕೆಲಸಗಾರರ ಮಾತನ್ನು ಮುದ್ರಿಸಿಕೊಂಡು ಬಂದು, ಅದನ್ನು ಬರಹಕ್ಕಿಳಿಸಿ, ತಿದ್ದಿ, ನಟರಿಂದ ಓದಿಸುವುದು. ಮೆಕಾಲ್ ರೈಲ್ವೆಯವರ ಮುದ್ರಣಗಳನ್ನು ಗಂಟೆಗಟ್ಟಲೆ ಕೇಳಿದ ಮೇಲೆ ಈ ಮಾತನ್ನು ನಟರ ಬಾಯಿಗೆ ಹಾಕಲಾಗದು ಎಂದು ನಿಶ್ಚಯಿಸಿದ. 1958ರಲ್ಲಿ ಪ್ರಸಾರವಾದ ‘ದಿ ಬ್ಯಾಲಡ್ ಆಫ್ ಜಾನ್ ಆಕ್ಸನ್’ನಲ್ಲಿ ರೈಲ್ವೆಯವರ ಮೂಲದನಿಗಳೇ ಹಾಡುಗಳ ನಡುವೆ ಬಂದವು. ಅವರಾಡುವುದೂ ಇಂಗ್ಲಿಷೇ, ಆದರೆ ಲಂಡನ್ನಿನ ವಾರ್ತಾವಾಚಕರ ಇಂಗ್ಲಿಷಲ್ಲ. ಒಂದೇ ಭಾಷೆಯೊಳಗೂ ಕೆಲವರ ಮಾತನ್ನು ಇನ್ನೊಬ್ಬರ ಬಾಯಿಂದ ಆಡಿಸುವ ವಾಡಿಕೆ ಇರುತ್ತದೆ ಎಂಬುದನ್ನು ಆ ಕಾರ್ಯಕ್ರಮದ ಚರಿತ್ರೆ ನನಗೆ ಕಲಿಸಿತು. ಅದು ಕಲಿಸಿದ್ದನ್ನು ನನ್ನ ಕೆಲಸದಲ್ಲಿ ನಾನು ಪಾಲಿಸಲಿಲ್ಲ, ಅದನ್ನೂ ಹೇಳಬೇಕು.

ಅದಕ್ಕೆ ಮೊದಲು ಕನ್ನಡದ ಮಾತು. ನಮ್ಮಲ್ಲಿ ರೇಡಿಯೋ ತಡವಾಗಿ ಬಂದದ್ದಲ್ಲ. 1935ರಲ್ಲೇ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆ ಹೋಯಿತು. 1950ರಲ್ಲಿ ಧಾರವಾಡ, 1966ರಲ್ಲಿ ಕಲಬುರಗಿ ಕೇಂದ್ರಗಳು ಬಂದವು. ನಮ್ಮ ಮನೆಗಳಿಗೆ ಕೇಳಿಸುತ್ತಿದ್ದದ್ದು ಕಲಬುರಗಿ. ರೂಪಕ, ನುಡಿಚಿತ್ರ ಎಂಬ ಹೆಸರಿನಲ್ಲಿ ಆಕಾಶವಾಣಿ ಮಾಡಿದ ಕಾರ್ಯಕ್ರಮಗಳೇ ನಮ್ಮ ಆಡಿಯೋ ಡಾಕ್ಯುಮೆಂಟರಿಯ ಪರಂಪರೆ. ಒಂದು ಗಂಡುದನಿ, ಒಂದು ಹೆಣ್ಣುದನಿ, ಅವು ವಾಕ್ಯವನ್ನು ಹಂಚಿಕೊಂಡು ಓದುವ ರೀತಿ, ನಡುವೆ ಸಿತಾರಿನ ಒಂದು ತುಣುಕು, ನಂತರ ತಜ್ಞರೊಬ್ಬರ ಮಾತು. ಬರವಣಿಗೆ ಅಚ್ಚುಕಟ್ಟು, ಉಚ್ಚಾರ ಸ್ವಚ್ಛ. ಬರಗಾಲದ ಮೇಲಿನ ರೂಪಕದಲ್ಲೂ ಬರಗಾಲದ ಬಗ್ಗೆ ಬರೆದ ಸೊಗಸಾದ ಗದ್ಯ ಕೇಳುತ್ತಿತ್ತು. ಬರಗಾಲದಲ್ಲಿ ಗುಳೆ ಹೋದವರು ತೀರ ಕಡಿಮೆ ಮಾತಾಡುತ್ತಿದ್ದರು.

ಆದರೆ ಅದೇ ಕೇಂದ್ರಗಳ ಸಂಜೆಯ ಕೃಷಿ ಕಾರ್ಯಕ್ರಮದಲ್ಲಿ ಬೇರೆಯೇ ಲೋಕವಿತ್ತು. ರೈತನೊಬ್ಬ ಬಂದು ಹತ್ತಿಯ ಕಾಯಿಕೊರಕದ ಬಗ್ಗೆ, ಎಮ್ಮೆ ಹಾಲು ಕಡಿಮೆಯಾದ ಬಗ್ಗೆ ತನ್ನ ಮಾತಿನಲ್ಲೇ ಹೇಳುತ್ತಿದ್ದ. ಕೇಳುವವರು ‘ಹೌದ್ರಿ, ಮುಂದೇನ್ ಮಾಡಿದ್ರಿ?’ ಎನ್ನುತ್ತಿದ್ದರು. ನಡುವೆ ಆತ ಮಗಳ ಮದುವೆಯ ಸಾಲವನ್ನೂ ಹೇಳಿಬಿಡುತ್ತಿದ್ದ. ಪ್ರಶಸ್ತಿಗೆ ಹೋಗುತ್ತಿದ್ದದ್ದು ರೂಪಕ. ನನ್ನ ಮಟ್ಟಿಗೆ ಕನ್ನಡದ ನಿಜವಾದ ಆಡಿಯೋ ಡಾಕ್ಯುಮೆಂಟರಿ ಯಾರೂ ಆ ಹೆಸರಿಟ್ಟು ಕರೆಯದ ಆ ಕೃಷಿ ಸಂದರ್ಶನಗಳಲ್ಲಿ ಇತ್ತು. ನನ್ನಪ್ಪ ಅದನ್ನು ಕೇಳುವಾಗ ರೇಡಿಯೋಗೇ ಉತ್ತರ ಕೊಡುತ್ತಿದ್ದ. ರೂಪಕ ಬಂದಾಗ ಸುಮ್ಮನೆ ಕೂರುತ್ತಿದ್ದ, ಇಲ್ಲವೇ ಎದ್ದು ಹೋಗುತ್ತಿದ್ದ.

ಸುದ್ದಿಯ ವಿಷಯದಲ್ಲಂತೂ ದಾರಿಯೇ ಇಕ್ಕಟ್ಟಾಗಿತ್ತು. ದೆಹಲಿಯಿಂದ ಓದುತ್ತಿದ್ದ ಕನ್ನಡ ವಾರ್ತೆ, ಪ್ರದೇಶ ಸಮಾಚಾರ, ಅಷ್ಟೇ. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ತೆರೆಯಲು ಅವಕಾಶವಾಯಿತು. ಆದರೆ ಖಾಸಗಿ ಎಫ್ಎಂ ಆಗಲಿ ಸಮುದಾಯ ಬಾನುಲಿಯಾಗಲಿ ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಹಾಗೇ ಮರುಪ್ರಸಾರ ಮಾಡಬಹುದು. ಟೀವಿಯಲ್ಲಿ ಇಪ್ಪತ್ನಾಲ್ಕು ಗಂಟೆ ಸುದ್ದಿಯ ಕೂಗಾಟಕ್ಕೆ ಅನುಮತಿ ಇರುವ ದೇಶದಲ್ಲಿ ರೇಡಿಯೋ ಸುದ್ದಿಗೆ ಬೀಗ. ಸುದ್ದಿಯನ್ನೇ ಮುಟ್ಟಲಾಗದ ಮಾಧ್ಯಮದಲ್ಲಿ ‘ಸುದ್ದಿಯ ಹಿಂದಿನ ಕಥೆ’ ಹೇಗೆ ಬೆಳೆದೀತು? 2017ರಲ್ಲಿ ಬಿಬಿಸಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿಗಳಲ್ಲಿ ಸೇವೆ ಆರಂಭಿಸಿದಾಗಲೂ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ರಾಯಚೂರಿನವರು ಅರ್ಧಕ್ಕರ್ಧ ತೆಲುಗು ಬಲ್ಲವರು. ನಮ್ಮ ಅನೇಕರಿಗೆ ಲೋಕದ ಸುದ್ದಿ ತೆಲುಗಿನಲ್ಲೇ ಬರುತ್ತದೆ.

ಪಾಡ್‌ಕಾಸ್ಟಿಗೆ ಈ ಬೀಗವಿಲ್ಲ. 2018ರಲ್ಲಿ ಶುರುವಾದ ‘ತಲೆ-ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟುಗಳು ಕನ್ನಡದಲ್ಲಿ ಗಂಭೀರವಾದದ್ದನ್ನು ಸಲೀಸಾಗಿ ಮಾತಾಡಬಹುದು ಎಂದು ತೋರಿಸಿಕೊಟ್ಟವು. ಆದರೆ ಅದು ಹರಟೆಯ ಕಟ್ಟೆ. ಅಲ್ಲಿ ಕೂರುವವರು ವಿಷಯ ಬಲ್ಲವರು, ಓದಿದವರು. ಮೈಕು ಹಿಡಿದು ಹೊರಗೆ ಹೋಗಿ, ಒಬ್ಬರ ಮನೆಯಲ್ಲಿ ಮೂರು ದಿನ ಕೂತು, ನಾಯಿ ಬೊಗಳುವ, ರೊಟ್ಟಿ ಬಡಿಯುವ ಸದ್ದಿನ ನಡುವೆ ಮಾತು ಮುದ್ರಿಸಿಕೊಂಡು ಬರುವುದಕ್ಕೆ ಹಣ ಬೇಕು, ಹೊತ್ತು ಬೇಕು. ಕನ್ನಡದಲ್ಲಿ ಅದನ್ನು ಮಾಡುವವರು ಬಹುಪಾಲು ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು. ನಮ್ಮ ಕೈಯಲ್ಲಿ ಫೋನಿದೆ, ಊರಿದೆ, ಊರಲ್ಲಿ ಮಾತಾಡುವವರಿದ್ದಾರೆ. ನಾವು ಏನು ಮಾಡಿದೆವು?

ನಾನು ಮಾಡಿದ್ದನ್ನು ಹೇಳುತ್ತೇನೆ.

ನನ್ನ ಚಿಗವ್ವನ ಊರು ಗೂಗಲ್‌ನ ಹತ್ತಿರದ ಒಂದು ಸಣ್ಣ ಹಳ್ಳಿ. ಸಂಕ್ರಾಂತಿ ಮುಗಿದ ಮೇಲೆ ಗಂಡಹೆಂಡತಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಗುಳೆ ನಮ್ಮ ಕಡೆ ಕಾಲಮಾನದ ಹಾಗೆ. ಯಾವ ತಿಂಗಳು ಯಾರ ಮನೆಗೆ ಬೀಗ ಬೀಳುತ್ತದೆ ಎಂದು ಮಕ್ಕಳಿಗೂ ಗೊತ್ತು. 2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಬ್ಬಕ್ಕೆ ಊರಿಗೆ ಬರುವುದೆಂದು ಅವರು ಗಂಟು ಕಟ್ಟಿಟ್ಟಿದ್ದರು. ಅಷ್ಟರಲ್ಲಿ ಬಸ್ಸು ನಿಂತವು. 24ರ ರಾತ್ರಿ ಎಂಟಕ್ಕೆ ಪ್ರಧಾನಿಯ ಭಾಷಣವಾಯಿತು. ಯುಗಾದಿಯ ದಿನವೇ ದೇಶಕ್ಕೆ ಬೀಗ ಬಿತ್ತು. ಎರಡು ದಿನ ತಗಡಿನ ಶೆಡ್ಡಿನಲ್ಲಿ ಕೂತು ನೋಡಿ, ಚಿಗವ್ವ ಮತ್ತು ಒಂದಿಷ್ಟು ಮಂದಿ ನಡೆಯುತ್ತ ಹೊರಟರು. ಸ್ವಲ್ಪ ದೂರ ನಡಿಗೆ, ಸ್ವಲ್ಪ ದೂರ ಖಾಲಿ ಲಾರಿ, ಮತ್ತೆ ನಡಿಗೆ.

2021ರ ಫೆಬ್ರುವರಿಯಲ್ಲಿ ಅವಳು ನಮ್ಮ ಮನೆಗೆ ಬಂದಾಗ ನಾನು ಫೋನಿಟ್ಟುಕೊಂಡು ಕೂತೆ. ಆಗ ನಾನೊಂದು ಆಡಿಯೋ ಕಾರ್ಯಾಗಾರಕ್ಕೆ ಸೇರಿದ್ದೆ. ಲಾಕ್‌ಡೌನಿನ ಕಾಲದ ಒಬ್ಬರ ಕಥೆಯನ್ನು ಆರು ನಿಮಿಷದಲ್ಲಿ ಮಾಡಿಕೊಂಡು ಬರಬೇಕಿತ್ತು. ಗುಡಿಯ ಮೈಕು ನಿಲ್ಲುವವರೆಗೆ ಕಾಯ್ದು ಶುರು ಮಾಡಿದೆವು. ಚಿಗವ್ವ ನಲವತ್ತು ನಿಮಿಷ ಮಾತಾಡಿದಳು. ನಾನು ಕೇಳಿದ್ದು ನಡಿಗೆಯ ಬಗ್ಗೆ. ಅವಳು ಹೇಳಿದ್ದು ಬಹುಪಾಲು ಒಂದು ಆಡಿನ ಬಗ್ಗೆ.

ಹೊರಡುವ ಮುಂಚೆ ಗಬ್ಬದ ಆಡೊಂದನ್ನು ಪಕ್ಕದ ಮನೆಯವಳ ಹತ್ತಿರ ಬಿಟ್ಟು ಹೋಗಿದ್ದಳು. ಯುಗಾದಿ ಹೊತ್ತಿಗೆ ಅದು ಈಯಬೇಕಿತ್ತು. ದಾರಿಯುದ್ದಕ್ಕೂ ಅವಳಿಗೆ ಅದೇ ಚಿಂತೆ. ಫೋನಿನ ಚಾರ್ಜು ಮುಗಿದ ಮೇಲೆ ಈದಿತೋ ಇಲ್ಲವೋ ಗೊತ್ತಾಗಲಿಲ್ಲ. ಮೊದಲ ಸಲದ ಆಡು, ಮರಿಗೆ ಹಾಲು ಬಿಡುತ್ತದೋ ಒದೆಯುತ್ತದೋ ಎಂಬ ಹೆದರಿಕೆ. ಕೊನೆಗೆ ಊರ ಹತ್ತಿರ ಬಂದರೆ ದಾರಿಗೆ ಮುಳ್ಳು ಹಚ್ಚಿದ್ದರು. ಬೆಂಗಳೂರಿನಿಂದ ಬಂದವರು ಹದಿನಾಲ್ಕು ದಿನ ಸಾಲಿಯಲ್ಲೇ ಇರಬೇಕೆಂದು ಊರವರು ಹೇಳಿದರು. ಮೊದಲ ರಾತ್ರಿ ಸಾಲಿಯ ಕಟ್ಟೆಯ ಮೇಲೆ ಮಲಗಿದ್ದಾಗ ಓಣಿಯ ಕಡೆಯಿಂದ ಆಡು ಒದರಿದ್ದು ಕೇಳಿಸಿತು. ಹತ್ತು ಆಡಿದ್ದರೂ ತನ್ನ ಆಡಿನ ದನಿ ತನಗೆ ಗೊತ್ತಾಗುತ್ತದೆ ಎಂದು ಚಿಗವ್ವ ಹೇಳಿ, ಆ ಒದರುವಿಕೆಯನ್ನು ಬಾಯಿಂದ ಮಾಡಿ ತೋರಿಸಿದಳು. ಅದರ ಹಿಂದೆಯೇ ಸಣ್ಣದೊಂದು ದನಿ, ಮರಿಯದು. ಅದನ್ನೂ ಮಾಡಿದಳು. ‘ಅವಾಗ ನನಗ ನಿದ್ದಿ ಹತ್ತಿತು ನೋಡು ತಮ್ಮಾ’ ಎಂದಳು.

ಇದನ್ನೆಲ್ಲ ನಾನು ಕತ್ತರಿಸಿದೆ. ಕತ್ತರಿಸುವಾಗ ಒಂದು ಕ್ಷಣವೂ ಅನುಮಾನ ಬರಲಿಲ್ಲ. ನನ್ನ ಕಿವಿಯಲ್ಲಿ ಕುಳಿತಿದ್ದ ಮಾದರಿ ಹೇಳುತ್ತಿತ್ತು: ಸುದ್ದಿ ನಡಿಗೆ, ಆದ್ದರಿಂದ ಕಥೆಯೂ ನಡಿಗೆ. ಬಾತ ಕಾಲು, ಹಸಿವು, ಪೊಲೀಸರ ಲಾಠಿಯ ಹೆದರಿಕೆ, ಯಾರೋ ಕೊಟ್ಟ ಅನ್ನದ ಪೊಟ್ಟಣ. ಇವೆಲ್ಲ ನಿಜ, ಅವಳೇ ಹೇಳಿದ್ದು. ಆದರೆ ನಾನು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಹೇಳಿದ್ದು. ಕಾರ್ಯಾಗಾರದಲ್ಲಿ ಮೈಸೂರು, ಮಂಗಳೂರು ಕಡೆಯವರಿದ್ದರು, ಅವರಿಗೆ ಅರ್ಥವಾಗಲಿ ಎಂದು ಚಿಗವ್ವನ ಮಾತನ್ನು ಮೂರು ಸೆಕೆಂಡಿಗೆ ತಗ್ಗಿಸಿ, ಅದರ ಮೇಲೆ ನನ್ನ ದನಿಯಲ್ಲಿ ಶಿಷ್ಟ ಕನ್ನಡದ ಅನುವಾದ ಓದಿದೆ. ಅವಳು ‘ಹೊಂಟ್ವಿ’ ಎಂದದ್ದು ‘ನಾವು ಹೊರಟೆವು’ ಆಯಿತು. ‘ಹೊಟ್ಟಿ ಚುರುಚುರು ಅಂತಿತ್ತು’ ಎಂದದ್ದು ‘ತುಂಬಾ ಹಸಿವಾಗಿತ್ತು’ ಆಯಿತು. ‘ಜೀವ ಕಳವಳಸ್ತಿತ್ತು’ ಎಂದದ್ದು ‘ಆತಂಕವಾಗುತ್ತಿತ್ತು’ ಆಯಿತು. ಆ ಕಳವಳ ಆಡಿನದು ಎಂಬುದೂ ಕೇಳುವವರಿಗೆ ತಿಳಿಯಲಿಲ್ಲ. ಕನ್ನಡವನ್ನು ಕನ್ನಡಕ್ಕೆ ಅನುವಾದಿಸಿ, ಬಿಬಿಸಿಯವರು ಅರಬ್ಬಿ, ಸ್ಪ್ಯಾನಿಷ್ ಮಾತಿಗೆ ಮಾಡುವುದನ್ನು ನಾನು ನನ್ನ ಚಿಗವ್ವನಿಗೆ ಮಾಡಿದ್ದೆ. ಎಲ್ಲರೂ ಮೆಚ್ಚಿದರು. ಒಬ್ಬರ ಕಣ್ಣಲ್ಲಿ ನೀರು ಬಂತು.

ಊರಿಗೆ ಹೋದಾಗ ಹೆಮ್ಮೆಯಿಂದ ಅವಳಿಗೆ ಕೇಳಿಸಿದೆ. ಕೊನೆಯವರೆಗೂ ಕೇಳಿದಳು. ಆಮೇಲೆ ಕೇಳಿದಳು:

‘ಎಲ್ಲಾ ಐತಿ. ನನ್ನ ಆಡು ಎಲ್ಲಿ ಹೋತು?’

ಆರೇ ನಿಮಿಷ ಇತ್ತು, ಅದಕ್ಕೇ ಹಾಕಲಾಗಲಿಲ್ಲ ಎಂದೆ.

‘ನಡಕೊಂತ ಬಂದಿದ್ದು ಎಲ್ಲಾರಿಗೂ ಗೊತ್ತೈತಲ್ಲ ತಮ್ಮಾ. ಟೀವ್ಯಾಗ ದಿನಾ ತೋರಿಸ್ಯಾರ. ನಂದು ಹೇಳು ಅಂದಿದ್ದಿ, ಅದಕ್ಕ ಆಡಿಂದು ಹೇಳಿದ್ದೆ.’

ಸಿಟ್ಟಿನಿಂದೇನೂ ಹೇಳಲಿಲ್ಲ. ಒಳಗೆ ಹೋಗಿ ಚಾ ಇಟ್ಟಳು. ಅವಳ ಮಾತು ನಾನು ಓದಿದ ಎಷ್ಟೋ ವಿಮರ್ಶೆಗಿಂತ ನೇರವಾಗಿತ್ತು. ಲಕ್ಷಾಂತರ ಮಂದಿ ನಡೆದಿದ್ದರು; ನಡಿಗೆ ಅವರೆಲ್ಲರದು, ಅದನ್ನು ಸುದ್ದಿ ಆಗಲೇ ಹೇಳಿತ್ತು. ಚಿಗವ್ವನದು ಎಂದು ಪ್ರತ್ಯೇಕವಾಗಿ ಇದ್ದದ್ದು ಆಡು. ಸುದ್ದಿಯ ಹಿಂದಿನ ವ್ಯಕ್ತಿಯನ್ನು ಹುಡುಕಿ ಹೋದವನು ಅವಳಲ್ಲಿ ಸುದ್ದಿಯನ್ನೇ ಹುಡುಕಿ ತಂದಿದ್ದೆ.

ಇದು ನನ್ನೊಬ್ಬನ ತಪ್ಪಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಸುದ್ದಿಯ ಹಿಂದಿನ ಕಥೆ ಹೇಳುವ ಪ್ರಕಾರದ ಒಳಗೇ ಈ ಅಪಾಯ ಕೂತಿದೆ. ‘ಹಿಂದಿನ’ ಎಂದಾಗಲೇ ಮುಂದೆ ಇರುವುದು ಸುದ್ದಿ ಎಂದು ಒಪ್ಪಿಕೊಂಡಂತೆ. ಸುದ್ದಿ ಒಂದು ಚೌಕಟ್ಟು ಹಾಕಿ ಕೊಡುತ್ತದೆ, ವ್ಯಕ್ತಿ ಅದರೊಳಗೆ ಹಿಡಿಸುವಷ್ಟು ಮಾತ್ರ ಬರುತ್ತಾರೆ. ನಿರಾಶ್ರಿತರು ದೋಣಿಯ ಬಗ್ಗೆಯೇ ಹೇಳಬೇಕು, ಪ್ರವಾಹದ ಹುಡುಗ ಧೈರ್ಯದ ಬಗ್ಗೆಯೇ ಹೇಳಬೇಕು, ಗುಳೆ ಹೋದವಳು ನಡಿಗೆಯ ಬಗ್ಗೆಯೇ ಹೇಳಬೇಕು. ಫೇಡ್ ಆಗುವುದು ದನಿ ಮಾತ್ರವಲ್ಲ. ಅದಕ್ಕೆ ಮುಂಚೆಯೇ, ಪ್ರಶ್ನೆ ಕೇಳುವಾಗಲೇ, ಅವರ ಕಥೆಯ ಮುಕ್ಕಾಲು ಭಾಗ ತಗ್ಗಿಹೋಗಿರುತ್ತದೆ.

ಈಗ ಯಾವುದೇ ಆಡಿಯೋ ಡಾಕ್ಯುಮೆಂಟರಿ ಕೇಳಿದರೂ ನಾನು ಎರಡು ವಿಷಯ ಗಮನಿಸುತ್ತೇನೆ. ಮಾತಾಡುವವರ ದನಿ ಎಲ್ಲಿ ತಗ್ಗುತ್ತದೆ ಎಂಬುದು ಒಂದು. ಇಡೀ ಕಾರ್ಯಕ್ರಮದಲ್ಲಿ ಸುದ್ದಿಗೆ ಉಪಯೋಗಕ್ಕೆ ಬಾರದ್ದು ಏನಾದರೂ ಉಳಿದಿದೆಯೇ ಎಂಬುದು ಇನ್ನೊಂದು. ಒಳ್ಳೆಯ ಕಾರ್ಯಕ್ರಮಗಳಲ್ಲಿ ಉಳಿದಿರುತ್ತದೆ. ಬಾಂಬು ಬಿದ್ದ ಬೀದಿಯ ಕಥೆ ಹೇಳುವವರು ನಡುವೆ ನಿಂತು ಆ ದಿನ ಒಲೆಯ ಮೇಲೆ ಬಿಟ್ಟುಬಂದ ಅಡುಗೆಯ ಮಾತೆತ್ತುತ್ತಾರೆ, ಸಂಕಲನಕಾರರು ಅದನ್ನು ಬಿಟ್ಟಿರುತ್ತಾರೆ. ಕೇಳಿ ವರ್ಷವಾದರೂ ನೆನಪಿರುವುದು ಆ ಅಡುಗೆಯೇ.

ಅನುವಾದಕ್ಕೂ ಬೇರೆ ದಾರಿಗಳಿವೆ. ಅವರು ಏನು ಹೇಳಲಿದ್ದಾರೆ ಎಂದು ಮೊದಲೇ ನಿರೂಪಕರು ಎರಡು ವಾಕ್ಯದಲ್ಲಿ ತಿಳಿಸಿ, ಆಮೇಲೆ ಮೂಲದನಿಯನ್ನು ಪೂರ್ತಿ ಕೇಳಿಸಬಹುದು. ಮಾತು ಮುಗಿದ ಮೇಲೆ, ಅದರ ಮೇಲೆ ಹತ್ತಿ ಕೂರದೆ, ಅನುವಾದ ಹೇಳಬಹುದು. ಮಗನೋ ಮೊಮ್ಮಗಳೋ ಅನುವಾದ ಮಾಡಿದರೆ ಆ ಸಂಬಂಧವೂ ಕೇಳಿಸುತ್ತದೆ. ಕನ್ನಡದೊಳಗಿನ ಕನ್ನಡಗಳಿಗೆ ಅನುವಾದವೇ ಬೇಡ. ದೇವದುರ್ಗದ ಮಾತು ಮಂಗಳೂರಿನವರಿಗೆ ಮೊದಲ ಎರಡು ನಿಮಿಷ ತೊಡಕಾದೀತು, ಮೂರನೆಯ ನಿಮಿಷಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ಕುಂದಾಪುರದ ಮಾತಿಗೆ ನಮ್ಮ ಕಿವಿ ಸಿನಿಮಾಗಳಿಂದ ಹೊಂದಿಕೊಂಡಿಲ್ಲವೇ? ಈ ಲೇಖನವನ್ನು ನಾನು ಬರೆಯುತ್ತಿರುವುದೂ ಶಿಷ್ಟ ಕನ್ನಡದಲ್ಲೇ, ಚಿಗವ್ವನ ಮಾತು ಇಲ್ಲಿಯೂ ಉದ್ಧರಣ ಚಿಹ್ನೆಯೊಳಗೆ ನಾಲ್ಕು ಸಾಲು ಬಂದು ಹೋಗಿದೆ. ಬರಹದಲ್ಲಿ ನನಗೆ ಇದಕ್ಕೆ ದಾರಿ ಇನ್ನೂ ಸಿಕ್ಕಿಲ್ಲ. ದನಿಯಲ್ಲಿ ದಾರಿ ಇತ್ತು, ನಾನು ಬಳಸಲಿಲ್ಲ.

ಸರಿಪಡಿಸೋಣ ಎಂದು ಕಳೆದ ವರ್ಷ ಹಳೆಯ ಫೈಲು ಹುಡುಕಿದೆ. ಆರು ನಿಮಿಷದ್ದು ಮಾತ್ರ ಇತ್ತು. ನಲವತ್ತು ನಿಮಿಷದ ಮೂಲ ಮುದ್ರಣವನ್ನು ಫೋನಿನಲ್ಲಿ ಜಾಗವಿಲ್ಲವೆಂದು ಯಾವಾಗಲೋ ಅಳಿಸಿದ್ದೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಪ್ರಸಾರ ಸಂಸ್ಥೆಗಳು ಹಳೆಯ ದನಿಗಳ ಮೇಲೇ ಹೊಸದನ್ನು ಮುದ್ರಿಸುತ್ತಿದ್ದವೆಂದು ಓದಿದಾಗ ನಾನು ಎಂಥ ಅನ್ಯಾಯ ಎಂದುಕೊಂಡಿದ್ದೆ. ಪ್ರಬಂಧದ ಟಿಪ್ಪಣಿಯಲ್ಲಿ ಅದರ ಬಗ್ಗೆ ಒಂದು ಪುಟ ಬರೆದಿದ್ದೆ ಕೂಡ.

ಮತ್ತೆ ಫೋನಿಟ್ಟುಕೊಂಡು ಚಿಗವ್ವನ ಮುಂದೆ ಕೂತೆ. ಈ ಸಲ ಆಡಿನದೇ ಹೇಳು ಎಂದೆ. ಅವಳು ನಕ್ಕಳು. ‘ಆ ಆಡು ಮಾರಿ ಆತಲ್ಲೋ, ಈಗ ಅದರ ಮರೀದು ಮರಿ ಐತಿ’ ಎಂದಳು. ಹೇಳಿದಳು, ಆದರೆ ಮೂರೇ ನಿಮಿಷ. ಮುಳ್ಳು ಹಚ್ಚಿದ್ದು ಬಂತು, ಸಾಲಿ ಬಂತು, ರಾತ್ರಿ ಆಡು ಒದರಿದ್ದೂ ಬಂತು. ಅದು ಹೆಂಗ ಒದರಿತು, ಮಾಡಿ ತೋರಿಸು ಎಂದರೆ, ಮಕ್ಕಳ ಮುಂದೆ ನಾಚಿಕೊಂಡು ‘ಏ ಹೋಗೋ’ ಎಂದಳು. ಅಷ್ಟರಲ್ಲಿ ಹಿತ್ತಿಲಲ್ಲಿ ಮರಿಯ ಮರಿ ಒದರಿತು. ಅದನ್ನು ಮುದ್ರಿಸಿಕೊಂಡಿದ್ದೇನೆ. ಆ ಫೈಲನ್ನು ಮೂರು ಕಡೆ ಇಟ್ಟಿದ್ದೇನೆ, ಏನನ್ನೂ ಕತ್ತರಿಸಿಲ್ಲ.